ಎರಡು ಗೀಟಿನ ಬನ್

ನೆಸ್ಟಾ ಅವನಿಗೆ ಹೇಳಿದ ಮೊಟ್ಟಮೊದಲ ಮಾತು ಇದು: "ಹಾಲು ಜಾಸ್ತಿ, ಸಕ್ಕರೆ ಒಂದೇ ಚಮಚ. ಸ್ವಲ್ಪ ಬೇಗ ತಗೊಂಡ್ ಬಾಪ್ಪಾ, ಮೀಟಿಂಗ್ ಶುರುವಾಗುತ್ತೆ."

ಬಿಳಿ ಕೋಟು ತೊಟ್ಟು, ಮುಂಗೈಗೆಲ್ಲ ಹಿಟ್ಟು ಮೆತ್ತಿಕೊಂಡು, ಬನ್ನಿನ ತಟ್ಟೆ ಹಿಡಿದು ನಿಂತವನನ್ನು ಅವಳು ಬೇರೆ ಯಾರೆಂದುಕೊಳ್ಳಬೇಕಿತ್ತು? ಅವನು ಹೋಗಿ ಚಹಾ ತಂದಿಟ್ಟ. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ತಗುಲಿಹಾಕಿ ಮೇಜಿನ ಆಚೆ ಬದಿ, ಸರಿಯಾಗಿ ಅವಳ ಎದುರಿಗೇ ಕೂತ. ಅವನ ಮುಂದಿದ್ದ ಫಲಕದಲ್ಲಿ 'ಗೆಥಿನ್, ಬೇಕರಿ ವಿಭಾಗದ ಮುಖ್ಯಸ್ಥ, ಸಿಬ್ಬಂದಿ ಪ್ರತಿನಿಧಿ' ಎಂದು ಬರೆದಿತ್ತು.

"ಸಕ್ಕರೆ ಸರಿಯಾಗಿದೆಯಾ ಮೇಡಂ?" ಎಂದ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ನೆಸ್ಟಾ ಕಿವಿಯ ತುದಿವರೆಗೂ ಕೆಂಪಾದಳು. ಇಡೀ ಕ್ವಮ್‌ಹೆಸ್ಕ್ ಪಟ್ಟಣದಲ್ಲಿ ಅವಳನ್ನು ಕೆಂಪಾಗಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಬಸ್ ಡಿಪೋದ ಮ್ಯಾನೇಜರ್. ಗಂಡ ತೀರಿಕೊಂಡ ಮೇಲೆ ಡ್ರೈವರುಗಳನ್ನು ಗದರಿಸಿಕೊಂಡೇ ಬದುಕು ನಡೆಸಿದ ಹೆಂಗಸು. ಬಸ್ಸಿಗೆ ಪೆಟ್ಟು ಮಾಡಿಕೊಂಡು ಬಂದವನನ್ನು ಕ್ಷಮಿಸುತ್ತಿದ್ದಳು, ಪೆಟ್ಟಾಗಿಲ್ಲವೆಂದು ಸುಳ್ಳು ಹೇಳಿದವನನ್ನು ಅಂದೇ ಮನೆಗೆ ಕಳಿಸುತ್ತಿದ್ದಳು. ಅದಕ್ಕೇ ಊರಿನವರ ಪರವಾಗಿ ಒಬ್ಬರು ಬೇಕೆಂದು ಕಾಲೇಜಿನ ಆಡಳಿತ ಮಂಡಳಿಯವರು ಅವಳನ್ನು ಕರೆದಿದ್ದರು. ಶಾಲೆ ಬಿಟ್ಟ ಮಕ್ಕಳಿಗೆ ಕಸುಬು ಕಲಿಸುವ ಕಾಲೇಜು ಅದು. ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದೂ ಅದೊಂದೇ.

ಮುಂದಿನ ಸಭೆಯಲ್ಲಿ ಬನ್ನಿನ ತಟ್ಟೆ ಸುತ್ತು ಬಂತು. ಎಲ್ಲರ ಬನ್ನಿನ ನೆತ್ತಿಯ ಮೇಲೆ ಒಂದೊಂದು ಗೀಟು. ಅವಳ ಪಾಲಿಗೆ ಬಂದದ್ದರ ಮೇಲೆ ಎರಡು.

ಅವಳು ತಲೆಯೆತ್ತಿದಳು. ಗೆಥಿನ್ ಆಯವ್ಯಯದ ಪುಟ ತಿರುವುತ್ತಿದ್ದ. ಪುಟ ತಲೆಕೆಳಗಾಗಿತ್ತು.

"ನಿಮ್ಮ ಹುಡುಗರ ಕೈ ತಪ್ಪಿದೆ" ಎಂದಳು, ಸಭೆ ಮುಗಿದು ಹೊರಡುವಾಗ.

"ಕೈ ನಂದು. ತಪ್ಪಿಲ್ಲ."

ಅಲ್ಲಿಂದ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷ ಕಳೆಯಿತು. ಭಾನುವಾರಗಳು ಅವನ ಅಡುಗೆಮನೆಯಲ್ಲಿ, ಉಳಿದ ದಿನಗಳು ಭಾನುವಾರದ ದಾರಿ ಕಾಯುವುದರಲ್ಲಿ. ಅವನಿಗೆ ವಿಚ್ಛೇದನವಾಗಿತ್ತು, ಇವಳು ವಿಧವೆ. ಅಡ್ಡ ಬರುವವರು ಯಾರೂ ಇರಲಿಲ್ಲ, ಸಭೆಯ ಎರಡನೇ ವಿಷಯವೊಂದನ್ನು ಬಿಟ್ಟರೆ.

ಪ್ರತಿ ಸಭೆಯಲ್ಲೂ ಕಾರ್ಯದರ್ಶಿ ಹವೆಲ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳುತ್ತಿದ್ದ: "ಹಿತಾಸಕ್ತಿ ಘೋಷಣೆ. ಇವತ್ತಿನ ವಿಷಯಗಳಲ್ಲಿ ಯಾರದಾದರೂ ಸ್ವಂತ ಲಾಭ, ನಂಟು, ಸಂಬಂಧ ಇದ್ದರೆ ಈಗಲೇ ಹೇಳಬೇಕು." ಇದೆ ಎಂದವರು ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು, ಅವರಿಗೆ ಓಟಿಲ್ಲ. ಎಲ್ಲರೂ ಇಲ್ಲ ಎನ್ನುತ್ತಿದ್ದರು. ನೆಸ್ಟಾ ಕೂಡ ಇಲ್ಲ ಎನ್ನುತ್ತಿದ್ದಳು. ಹೇಳುವಾಗ ಗೆಥಿನ್‌ನ ಕಡೆ ಮಾತ್ರ ನೋಡುತ್ತಿರಲಿಲ್ಲ.

"ಹೇಳಿಬಿಡೋಣ ಕಣೋ" ಎಂದು ಅವಳು ಎಷ್ಟು ಸಲ ಅಂದಿರಲಿಲ್ಲ. "ನಾನೇನು ಕದ್ದ ಮಾಲಾ?"

"ಹೇಳಿದ್ರೆ ನನ್ನ ವಿಭಾಗದ ಮಾತು ಬಂದಾಗಲೆಲ್ಲ ನಿನ್ನನ್ನ ಎಬ್ಬಿಸಿ ಕಳಿಸ್ತಾರೆ. ನಿನ್ನ ಓಟು ನಮ್ಮ ಓವನ್‌ಗೆ ಬೇಕು ಕಣೇ. ಸ್ವಲ್ಪ ತಾಳು."

ಅವಳು ತಾಳಿದಳು. ಅವನು ಒಂದು ದಿನ ಎಲ್ಲರೆದುರು ತನ್ನ ಹೆಸರು ಹೇಳುತ್ತಾನೆ ಎಂಬ ಒಂದೇ ಆಸೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸುಳ್ಳನ್ನು ಸಹಿಸದ ಹೆಂಗಸು ಸಭೆ ಸಭೆಗೂ ಸುಳ್ಳು ಹೇಳಿದಳು.

ಆ ಎರಡನೇ ವರ್ಷದ ಕೊನೆಗೆ ಪ್ರಾಂಶುಪಾಲ ಕ್ರಿಸ್ಪಿನ್ ಬೇಕರಿ ವಿಭಾಗವನ್ನು ಮುಚ್ಚಬೇಕೆಂಬ ಪ್ರಸ್ತಾಪ ತಂದ. ಆ ಕಟ್ಟಡದಲ್ಲಿ ಕಂಪ್ಯೂಟರ್ ಕೇಂದ್ರ ಬರುತ್ತದಂತೆ. ಮಂಡಳಿ ಎರಡು ಹೋಳಾಯಿತು. ನೆಸ್ಟಾಳ ಓಟು ಬಿದ್ದರೆ ಬೇಕರಿ ಒಂದೇ ಓಟಿನಿಂದ ಉಳಿಯುತ್ತಿತ್ತು. ಅದು ಬೀಳದಿದ್ದರೆ ಸಮ ಸಮ. ಆಗ ಅಧ್ಯಕ್ಷೆಯ ನಿರ್ಣಾಯಕ ಓಟು ಮುಚ್ಚುವ ಕಡೆಗೇ ಎಂದು ಎಲ್ಲರಿಗೂ ಗೊತ್ತಿತ್ತು.

ಸಭೆಗೆ ಮುಂಚಿನ ಭಾನುವಾರ ಗೆಥಿನ್ ಬರಾ ಬ್ರಿತ್ ಎಂಬ ಹಣ್ಣಿನ ಬ್ರೆಡ್ ಮಾಡಲು ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಹಾಕುತ್ತಿದ್ದ. ನೆಸ್ಟಾ ಪಕ್ಕದಲ್ಲಿ ನಿಂತು ಒಂದೊಂದನ್ನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಕಳ್ಳಿ" ಎಂದು ಅವಳ ಬೆರಳಿಗೆ ಚಮಚದಿಂದ ಮೆಲ್ಲಗೆ ಹೊಡೆದ. "ನೆಸ್ಟಾ, ಮುಚ್ಚಿದ್ರೆ ಮುಚ್ಚಲಿ ಬಿಡು ಅಂತ ಅನ್ಸುತ್ತೆ ಒಂದೊಂದ್ಸಲ."

"ಅಯ್ಯೋ, ಧೈರ್ಯಗೆಡ್ಬೇಡ ಮಾರಾಯ. ನನ್ನ ಓಟಿದೆಯಲ್ಲ."

"ನನಗೋಸ್ಕರ ಹಾಕ್ತೀಯಾ?"

"ನಿನಗ್ಯಾಕೆ ಹಾಕ್ಲಿ? ನಮ್ಮ ಮೊದಲನೇ ಬಸ್ಸಿಗೋಸ್ಕರ. ಬೆಳಗಿನ ಚಳಿಯಲ್ಲಿ ಬಿಳಿ ಕೋಟು ಕಂಕುಳಲ್ಲಿಟ್ಟುಕೊಂಡು ಹತ್ತುತ್ತವಲ್ಲ ನಿನ್ನ ಮಕ್ಕಳು, ಶಾಲೆಯಲ್ಲಿ ಯಾರಿಗೂ ಬೇಡವಾದವು. ಅವುಗಳಿಗೆ ಹೋಗೋಕೆ ಬೇರೆ ಜಾಗ ಎಲ್ಲಿದೆ? ನೀನೇ ಬಂದು ಬೇಡ ಅಂದ್ರೂ ನಾನು ಕೇಳಲ್ಲ."

ಗೆಥಿನ್ ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವಳ ಮೂಗಿನ ತುದಿಗೆ ಹಿಟ್ಟು ಹಚ್ಚಿ ನಕ್ಕ. ಅವಳಿಗೆ ಆ ನಗುವಿನಲ್ಲಿ ಪ್ರೀತಿಯಷ್ಟೇ ಕಂಡಿತು. ಪ್ರೀತಿಯೂ ಇತ್ತು, ಇಲ್ಲವೆನ್ನುವ ಹಾಗಿಲ್ಲ.

ಸಭೆಯ ದಿನ ತಟ್ಟೆ ಬಂತು. ಅವಳ ಬನ್ನಿನ ಮೇಲೆ ಎಂದಿನಂತೆ ಎರಡು ಗೀಟು. ಎರಡನೇ ವಿಷಯ ಬಂತು. ಹವೆಲ್ ಕೇಳಿದ. ಗೆಥಿನ್ ಎದ್ದು ನಿಂತ.

"ಏಳನೇ ವಿಷಯ ಬೇಕರಿ ಮುಚ್ಚೋದು, ಅಂದ್ರೆ ನನ್ನ ನೌಕರಿದು. ಅದಕ್ಕೆ ನಾನು ಹೊರಗಿರ್ತೀನಿ, ಅದು ಎಲ್ಲರಿಗೂ ಗೊತ್ತು. ಆದ್ರೆ ಇನ್ನೊಂದಿದೆ ಅಧ್ಯಕ್ಷರೇ." ಅವನು ಮೇಜಿನ ಆಚೆಗೆ ನೋಡಿದ. "ಈ ಕೋಣೆಯಲ್ಲಿ ಒಬ್ಬರು ಮೊದಲ ದಿನ ನನ್ನನ್ನ ಚಹಾ ತರೋನು ಅಂದ್ಕೊಂಡ್ರು. ಅವರಿಗೆ ಚಹಾ ತಂದುಕೊಟ್ಟುಕೊಂಡು ಇದ್ದುಬಿಡೋಣ, ಮುದುಕನಾಗೋವರೆಗೂ, ಅನ್ನಿಸಿಬಿಡ್ತು ನನಗೆ. ಅವರು ನಕ್ಕರೆ ನನ್ನ ದಿನ ಬೆಳಗಾಗುತ್ತೆ. ನನಗೆ ನೆಸ್ಟಾ ಅಂದ್ರೆ ಪ್ರೀತಿ. ಇದನ್ನ ಎಲ್ಲರೆದುರು ಹೇಳ್ಬೇಕು ಅಂತ ಬಹಳ ಆಸೆ ಇತ್ತು."

ನೆಸ್ಟಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡು ವರ್ಷ ಕಾದ ಮಾತು, ಕನಸಿನಲ್ಲಿ ಕೇಳಿಸಿಕೊಂಡದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಅವಳಿಗೆ ಎದ್ದು ಹೋಗಿ ಅವನ ಹಿಟ್ಟಿನ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು.

"ಈಚೆಗಷ್ಟೇ" ಎಂದು ಗೆಥಿನ್ ಸೇರಿಸಿದ. "ಕೆಲವೇ ವಾರಗಳಿಂದ."

ಅದು ಮುಳ್ಳಿನಂತೆ ಚುಚ್ಚಿತು. ಆದರೆ ಅಷ್ಟರಲ್ಲಿ ಅಧ್ಯಕ್ಷೆ ಬ್ರಾನ್ವೆನ್ ಚಪ್ಪಾಳೆ ತಟ್ಟಿದ್ದಳು. ಅವಳು ನಿವೃತ್ತ ನ್ಯಾಯಾಧೀಶೆ; ಕೋರ್ಟಿನಲ್ಲಿ ಇಂಥ ಮಾತು ಒಂದೂ ಕೇಳಿಸಿಕೊಂಡಿರಲಿಲ್ಲ. "ಅಯ್ಯೋ, ಎಷ್ಟು ಚೆಂದ! ಹವೆಲ್, ಅವಳನ್ನ ಈಗ ಏನೂ ಕೇಳ್ಬೇಡ, ಪಾಪ, ಮಾತೇ ಹೊರಡ್ತಿಲ್ಲ. ಏಳನೇ ವಿಷಯಕ್ಕೆ ಮುಂಚೆ ನೋಡಿಕೊಳ್ಳೋಣ."

"ನೋಡೋದೇನಿಲ್ಲ" ಎಂದ ಹವೆಲ್. "ಸಂಬಂಧ ಇದ್ದಮೇಲೆ ಅವರೂ ಹೊರಗೇ. ಓಟಿಲ್ಲ."

ನೆಸ್ಟಾಳಿಗೆ ಆಗ ಹೊಳೆಯಿತು. ಗಾಬರಿಯಿಂದ ಗೆಥಿನ್‌ನ ಕಡೆ ನೋಡಿದಳು. ಪ್ರೀತಿಯ ಭರದಲ್ಲಿ ಎಂಥ ಕೆಲಸ ಮಾಡಿಬಿಟ್ಟೆಯೋ ಎಂದು ಕಣ್ಣಲ್ಲೇ ಕೇಳಿದಳು. ಅವನ ಮುಖದಲ್ಲಿ ಗಾಬರಿ ಇರಲಿಲ್ಲ.

ಆರನೇ ವಿಷಯದ ನಂತರ ಚಹಾಕ್ಕೆ ಎದ್ದರು. ಕ್ರಿಸ್ಪಿನ್ ಬಂದು ಅವಳ ಕೈ ಕುಲುಕಿದ. "ಅಭಿನಂದನೆ! ಇನ್ನು ಗೆಥಿನ್‌ಗೆ ಹಿಟ್ಟು ನಾದೋ ಗೋಳಿಲ್ಲ. ಉಪಪ್ರಾಂಶುಪಾಲರ ಕೋಣೆಗೆ ದೊಡ್ಡ ಕಿಟಕಿ ಇಡಿಸ್ತಿದ್ದೀನಿ, ಅವರೇ ಕೇಳಿದ್ರು. ನಿಮಗೆ ಹೇಳಿರ್ಬೇಕಲ್ಲ?"

"ಹೇಳಿದಾನೆ" ಎಂದಳು ನೆಸ್ಟಾ.

ಗೆಥಿನ್ ಪಡಸಾಲೆಯ ಕೊನೆಯಲ್ಲಿ ನಿಂತಿದ್ದ. ಅವಳು ಹತ್ತಿರ ಹೋದಳು.

"ಕಿಟಕಿಯಿಂದ ಏನು ಕಾಣುತ್ತೆ?"

ಅವನು ಸುಳ್ಳು ಹೇಳಲಿಲ್ಲ. ಅದೊಂದು ಗುಣ ಅವನಿಗಿತ್ತು, ಸಿಕ್ಕಿಬಿದ್ದ ಮೇಲೆ. "ಇಪ್ಪತ್ತು ವರ್ಷ ಓವನ್ ಮುಂದೆ ನಿಂತಿದ್ದೀನಿ ಕಣೇ. ಸೊಂಟ ಹೋಯ್ತು, ಕೈ ಸುಟ್ಟುಹೋಯ್ತು. ಒಂದ್ಸಲ ಕುರ್ಚಿ ಮೇಲೆ ಕೂತು ಬದುಕ್ಬೇಕು ಅನ್ಸಲ್ವಾ? ಬೇಕರಿ ಮುಚ್ಚಿದ್ರೆ ಆ ಹುದ್ದೆ ನನಗೆ. ಬರೀ ಬಾಯಿಮಾತು, ಎಲ್ಲೂ ಬರೆದಿಲ್ಲ. ನೀನು ಹೇಳಿದ್ರೂ ಕ್ರಿಸ್ಪಿನ್ನೂ ನಾನೂ ಇಲ್ಲ ಅಂತೀವಿ."

"ನನ್ನನ್ನ ಕೇಳಬಹುದಿತ್ತಲ್ಲ, ಓಟು ಹಾಕ್ಬೇಡ ಅಂತ."

"ಕೇಳಿದ್ದೆ, ಭಾನುವಾರ. ನಾನೇ ಬೇಡ ಅಂದ್ರೂ ಕೇಳಲ್ಲ ಅಂದೆ ನೀನು."

"ಅದಕ್ಕೆ ಇದಾ?"

"ಊರಲ್ಲಿ ಯಾರೂ ನನ್ನನ್ನ ಬೈಯೋ ಹಾಗಿಲ್ಲ, ನಿನ್ನನ್ನೂ ಬೈಯಲ್ಲ. ಪ್ರೀತಿಯಿಂದ ಓಟು ಹೋಯ್ತು ಅಂತಾರೆ. ಎಲ್ಲರೆದುರು ಹೇಳು ಹೇಳು ಅಂತಿದ್ದೆಯಲ್ಲ, ಹೇಳ್ದೆ. ಒಂದು ಮಾತೂ ಸುಳ್ಳಲ್ಲ ನೆಸ್ಟಾ. ನಿನ್ನಾಣೆ."

ಎಲ್ಲಕ್ಕಿಂತ ಕೆಟ್ಟದ್ದು ಅದೇ. ಅವನು ಆಡಿದ್ದು ನಿಜವಾದ ಪ್ರೀತಿಯ ಮಾತು. ಅದನ್ನೇ ಹಿಡಿದು ಅವಳನ್ನು ಬಾಗಿಲಾಚೆ ದಬ್ಬಿದ್ದ. ಸುಳ್ಳಾಗಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು.

ಎಲ್ಲರೂ ಮತ್ತೆ ಕೂತರು. "ಏಳನೇ ವಿಷಯ" ಎಂದಳು ಬ್ರಾನ್ವೆನ್. "ಜೋಡಿ ಹಕ್ಕಿಗಳು ಹೊರಗೆ ಹಾರಿ."

ಗೆಥಿನ್ ಎದ್ದ. ನೆಸ್ಟಾ ಏಳಲಿಲ್ಲ.

"ನಾನ್ಯಾಕೆ ಏಳ್ಲಿ?" ಎಂದಳು.

"ಗೆಥಿನ್ ಹೇಳಿದ್ರಲ್ಲ, ಮಗಳೇ."

"ಅದು ಅವರ ಹಿತಾಸಕ್ತಿ. ನನ್ನದು ಇನ್ನೂ ಯಾರೂ ಕೇಳಿಲ್ಲ."

ಹವೆಲ್ ಕನ್ನಡಕ ಇಳಿಸಿದ. "ಅದು ಸರಿ. ಹಿತಾಸಕ್ತಿನ ಅವರವರೇ ಹೇಳ್ಬೇಕು. ಒಬ್ಬರದನ್ನ ಇನ್ನೊಬ್ಬರು ಹೇಳೋಕೆ ಬರಲ್ಲ. ನೆಸ್ಟಾ ಅವರೇ, ಗೆಥಿನ್ ಅವರ ಜೊತೆ ನಿಮಗೆ ಸಂಬಂಧ ಇದೆಯಾ?"

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಗೆಥಿನ್ ತಿರುಗಿ ನೋಡಿದ.

ನೆಸ್ಟಾ ಅವನ ಕಣ್ಣಲ್ಲೇ ಕಣ್ಣಿಟ್ಟಳು. "ಇಲ್ಲ. ಗೆಥಿನ್ ಒಳ್ಳೆಯವರು. ಏನೋ ಪಾಪ, ಮನಸ್ಸಲ್ಲಿ ಏನೇನೋ ಅಂದ್ಕೊಂಡಿದ್ದಾರೆ. ಇಷ್ಟು ಜನರ ಮುಂದೆ ಅವರಿಗೆ ಮುಖಭಂಗ ಆಗ್ಬಾರ್ದು ಅಂತ ಆಗ ಸುಮ್ಮನಿದ್ದೆ. ನಾನು ತಿಂದಿದ್ದು ಅವರ ಬನ್ನು. ಅಷ್ಟೇ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಬ್ರಾನ್ವೆನ್ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಗೆಥಿನ್‌ನ ಕತ್ತಿನಿಂದ ಕೆಂಪು ಏರುತ್ತ ಹೋಗಿ ಕಿವಿ ಮುಟ್ಟಿತು. ಅವನ ಫೋನಿನಲ್ಲಿ ಎರಡು ವರ್ಷದ ಫೋಟೊಗಳಿದ್ದವು. ತೆಗೆದು ತೋರಿಸಿದರೆ ಅವಳು ಸುಳ್ಳಿಯಾಗುತ್ತಿದ್ದಳು. ಆದರೆ ಕೆಲವೇ ವಾರ ಎಂದವನು ಎರಡು ವರ್ಷ ಮುಚ್ಚಿಟ್ಟದ್ದೂ ಹೊರಬಂದು, ಆ ದೊಡ್ಡ ಕಿಟಕಿಯ ಕುರ್ಚಿಯ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಕಾದಳು. ತೋರಿಸು, ನೋಡೋಣ, ನನಗಿಂತ ಕುರ್ಚಿ ಹೆಚ್ಚಲ್ಲ ಎಂದು ತೋರಿಸು ಎಂದು ಕಾದಳು.

ಅವನು ಬಾಗಿಲು ತೆಗೆದು ಹೊರಗೆ ಹೋದ.

ಬೇಕರಿ ಒಂದು ಓಟಿನಿಂದ ಉಳಿಯಿತು. ಮರುದಿನ ಮೊದಲನೇ ಬಸ್ಸಿನಲ್ಲಿ ಬಿಳಿ ಕೋಟಿನ ಹುಡುಗಿಯರು ಹಾಡು ಹೇಳಿಕೊಂಡು ಹೋದರಂತೆ. ಡ್ರೈವರ್ ಬಂದು ವರದಿ ಒಪ್ಪಿಸಿದ. ನೆಸ್ಟಾ ಅವನನ್ನು ಸುಮ್ಮನೆ ಬೈದು ಕಳಿಸಿ, ಬಾಗಿಲು ಹಾಕಿಕೊಂಡು, ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಉಪಪ್ರಾಂಶುಪಾಲರ ಹುದ್ದೆ ಬೇರೆ ಊರಿನವನೊಬ್ಬನ ಪಾಲಾಯಿತು. ಗೆಥಿನ್ ಓವನ್ ಮುಂದೆಯೇ ಉಳಿದ. ಊರಿನ ಪಬ್ಬಿನಲ್ಲಿ ಅವನು ಕಾಲಿಟ್ಟರೆ ಸಾಕು, "ಏನಪ್ಪಾ ಗೆಥಿನ್, ಇವತ್ತು ಯಾರನ್ನ ಘೋಷಣೆ ಮಾಡ್ತೀಯಾ?" ಎಂದು ಗೇಲಿ ಮಾಡುತ್ತಿದ್ದರು. ನೆಸ್ಟಾಳ ಮುಂದೆಯೂ ಆ ಕಥೆ ಬಂತು. ಅವಳೂ ಎಲ್ಲರ ಜೊತೆ ನಕ್ಕಳು, ಅವರಿಗಿಂತ ಗಟ್ಟಿಯಾಗಿ. ಭಾನುವಾರ ಬಂದರೆ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಖಾಲಿ ಡಿಪೋಗೆ ಹೋಗಿ ಕೂರುತ್ತಿದ್ದಳು.

ಮುಂದಿನ ಸಭೆಗೆ ಅವಳು ಒಂದು ನಿರ್ಧಾರ ಮಾಡಿಕೊಂಡು ಬಂದಳು. ಹಿಂದಿನ ಸಭೆಯ ನಡಾವಳಿಯನ್ನು ಓದಿ, ಸರಿಯೇ ಎಂದು ಕೇಳಿ, ಎಲ್ಲರ ಒಪ್ಪಿಗೆ ಪಡೆಯುವುದು ಅಲ್ಲಿನ ಕ್ರಮ. ಅವನು ಇದು ತಪ್ಪು ಎಂದು ಒಂದೇ ಮಾತು ಹೇಳಲಿ. ಆಗ ನಾನೂ ಎದ್ದು ನಿಂತು, ಹೌದು, ಸುಳ್ಳು ಹೇಳಿದ್ದು ನಾನು, ಇವನು ನನ್ನವನು ಎನ್ನುತ್ತೇನೆ. ಮಂಡಳಿಯಿಂದ ತೆಗೆದರೆ ತೆಗೆಯಲಿ, ಊರು ಉಗಿದರೆ ಉಗಿಯಲಿ. ಇಷ್ಟಾದ ಮೇಲೂ ನಾಚಿಕೆಯಿಲ್ಲದೆ ಅವಳ ಹೃದಯ ಅವನನ್ನೇ ಬೇಡುತ್ತಿತ್ತು.

ಹವೆಲ್ ಓದಿದ: "ಗೆಥಿನ್ ಅವರೊಂದಿಗೆ ತಮಗೆ ಯಾವ ಸಂಬಂಧವೂ ಇಲ್ಲವೆಂದು ನೆಸ್ಟಾ ಅವರು ಸಭೆಗೆ ಸ್ಪಷ್ಟಪಡಿಸಿದರು. ಇದು ನಡೆದದ್ದಕ್ಕೆ ಸರಿಯಾಗಿದೆ ಎನ್ನುವವರು ಕೈಯೆತ್ತಿ."

ಒಂದೊಂದೇ ಕೈ ಎದ್ದಿತು. ಎರಡು ಕೈಗಳು ಮಾತ್ರ ಮೇಜಿನ ಮೇಲೇ ಉಳಿದವು, ಎದುರು ಬದುರಾಗಿ.

"ಗೆಥಿನ್?" ಎಂದಳು ಬ್ರಾನ್ವೆನ್, ನಗು ತಡೆದುಕೊಂಡು. "ತಿದ್ದುಪಡಿ ಏನಾದ್ರೂ ಇದೆಯಾ?"

ಅವನು ನೆಸ್ಟಾಳನ್ನು ನೋಡಿದ. ಅವಳು ಎದ್ದು ನಿಲ್ಲಲು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಮೇಜಿನ ಸುತ್ತ ಅದೇ ಕಿಸಿಕಿಸಿ ನಗು ಏಳಲು ಕಾದಿತ್ತು, ಅದು ಅವನಿಗೂ ಗೊತ್ತಾಗಿರಬೇಕು.

"ಇಲ್ಲ" ಎಂದ. "ಸರಿಯಾಗಿದೆ." ಸುಟ್ಟ ಗಾಯಗಳ ಆ ಕೈ ಮೇಲೆದ್ದಿತು.

ನೆಸ್ಟಾ ತನ್ನ ಕೈಯನ್ನೂ ಎತ್ತಿದಳು. ಅಂದು ಅವನು ಬಾಗಿಲ ಬಳಿ ನಿಂತಿದ್ದಾಗ ಅವಳು ಹೇಳಿದ್ದು ಸುಳ್ಳಾಗಿತ್ತು. ಈಗ ಅದು ಸುಳ್ಳಾಗಿ ಉಳಿದಿರಲಿಲ್ಲ.

"ಸರ್ವಾನುಮತ" ಎಂದು ಹವೆಲ್ ಬರೆದುಕೊಂಡ.

ಬನ್ನಿನ ತಟ್ಟೆ ಅವಳ ಮುಂದೆ ಬಂದು ನಿಂತಿತು. ಎಲ್ಲದರ ಮೇಲೂ ಒಂದೊಂದೇ ಗೀಟು. ಅವಳು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದಳು.