ತಿರುವಿನ ಗುಡಿಯ ತಿಲಕ

ಗೋಪೇಶ್ವರದಲ್ಲಿ ಹನ್ನೊಂದಕ್ಕೆ ನನ್ನ ಮೊದಲ ಸಂದರ್ಶನವಿತ್ತು. ಜೋಶಿಮಠದಿಂದ ಹೊರಟ ಜೀಪನ್ನು ಸೋದರತ್ತೆ ಆಗಲೇ ಎರಡು ಗುಡಿಗಳ ಮುಂದೆ ನಿಲ್ಲಿಸಿದ್ದರು. ತಿರುವಿನ ದೇವಿಯ ಗುಡಿ ಕಂಡಾಗ ಮತ್ತೆ, "ಕುಂದನ್, ನಿಲ್ಸಪ್ಪಾ" ಎಂದರು.

"ಅತ್ತೇ, ನಾನಂತೂ ಇಳಿಯಲ್ಲ." ಅಷ್ಟು ಹೇಳುವುದಕ್ಕೇ ನನ್ನ ಕಿವಿ ಬಿಸಿಯಾಯಿತು.

"ಕೂತಿರು ಮಹಾರಾಣಿ! ಕೆಲ್ಸ ಕೊಡೋಳು ಅವಳೇ."

ಆ ಗುಡಿಗೆ ಪೂಜಾರಿಯಿಲ್ಲ. ಹೋದವರೇ ಉಂಗುರಬೆರಳಿನಲ್ಲಿ ಒಬ್ಬರಿಗೊಬ್ಬರು ತಿಲಕ ಇಡಬೇಕು. ತನಗೆ ತಾನೇ ಇಟ್ಟುಕೊಳ್ಳುವಂತಿಲ್ಲ. ಕುಂದನ್ ರಸ್ತೆಯಲ್ಲೇ ನಿಂತು ಚಕ್ರಕ್ಕೆ ನೀರು ಸುರಿಯುತ್ತಿದ್ದ. ನಾನು ಗಡಿಯಾರ ನೋಡುತ್ತಾ ಹಲ್ಲು ಕಚ್ಚಿ ಕೂತಿದ್ದೆ. ಗುಡಿಯ ಗಂಟೆ ಒಮ್ಮೆ ಢಣ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಎಷ್ಟು ಸಲ ಬಾರಿಸುತ್ತಾರಪ್ಪಾ!

ಹಣೆಯಲ್ಲಿ ಒದ್ದೆ ಕುಂಕುಮದ ತಿಲಕ ಹೊತ್ತು ಅತ್ತೆ ನಗುತ್ತಾ ಬಂದರು. "ಬರಲ್ಲ ಅಂದೋಳು ಹಿಂದೇನೇ ಬಂದ್ಯಲ್ಲೇ! ತಿಲಕ ಇಡೋವಾಗ ಕೈ ಯಾಕೆ ಅಷ್ಟು ತಣ್ಣಗಿತ್ತು?"

"ನಾನು ಇಳಿದೇ ಇಲ್ಲ!"

"ದೇವಿ ಎದುರಿಗೆ ಸುಳ್ಳು ಬೇಡ. ನಡಿ, ತಡ ಆಯ್ತು."

ತಡ ಮಾಡಿದವರು ಯಾರೋ!

ನನ್ನ ಕಡೆಯ ಬಾಗಿಲು ಕೆಟ್ಟು ವರ್ಷವಾಗಿದೆ. ಹೊರಗಿನಿಂದ ಯಾರಾದರೂ ತೆಗೆದರೆ ಮಾತ್ರ ತೆರೆಯುತ್ತದೆ. ಗೋಪೇಶ್ವರ ತಲುಪಿದ ಮೇಲೆಯೇ ಕುಂದನ್ ಅದನ್ನು ತೆಗೆದದ್ದು. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು. ಹಾಜರಿ ಹಾಳೆಗೆ ಸಹಿ ಹಾಕುವಾಗ ನೋಡಿದೆ: ನನ್ನ ಉಂಗುರಬೆರಳ ತುದಿ ಕೆಂಪಗೆ, ಇನ್ನೂ ಒದ್ದೆಯಾಗಿತ್ತು.