ಲಾಮ್‌ನ ಇಂಗ್ಲಿಷು

"ಈ ಇಂಗ್ಲಿಷನ್ನ ಯಾರಿಗೋಸ್ಕರ ಬರೀತಿದ್ದೀಯಪ್ಪಾ? ಓದೋರು ಟಾಮ್ ಕಿ ಹುಡುಗರಾ, ಇಲ್ಲಾ ಲಂಡನ್ ದೊರೆನಾ?"

ಲ್ಯಾಪ್‌ಟಾಪನ್ನು ಲಾಮ್‌ನ ಕಡೆ ತಿರುಗಿಸಿದೆ. ಅವನು ತಲೆ ಕೆರೆದುಕೊಂಡು ನಕ್ಕ. ಆ ನಗು ಕಂಡರೆ ನನ್ನ ಸಿಟ್ಟು ಅರ್ಧಕ್ಕೆ ಇಳಿಯುತ್ತದೆ, ಅದೇ ನನ್ನ ಕಷ್ಟ.

ಬಿರುಗಾಳಿ ಬರುವ ಮುಂಚೆ ಮೀನುಗಾರರಿಗೆ ಸುದ್ದಿ ಮುಟ್ಟಿಸುವ ಆಪ್ ನಮ್ಮದು. ಡಾ ನಾಂಗ್‌ನ ಪುಟ್ಟ ಆಫೀಸಿನಲ್ಲಿ ಲಾಮ್ ಕೋಡ್ ಬರೆಯುತ್ತಾನೆ, ನಾನು ತಿದ್ದುತ್ತೇನೆ. ಮುಂದೆ ಅದನ್ನು ನಡೆಸಬೇಕಾದವರು ಟಾಮ್ ಕಿ ಊರಿನ ತಾಂತ್ರಿಕ ಶಾಲೆಯ ಹುಡುಗರು. ಅವರಿಗೆ ತಿಳಿಯಲೆಂದು ಕೋಡಿನ ನಡುವೆ ಹಾಕುವ ವಿವರಣೆ ವಿಯೆಟ್ನಾಮೀಸಿನಲ್ಲಿರಲಿ ಎಂದು ಎಷ್ಟು ಬಡಿದುಕೊಂಡರೂ ಈ ಮಹಾಶಯ ಇಂಗ್ಲಿಷ್ ಬಿಡ. ಅದೂ ಎಂಥ ಇಂಗ್ಲಿಷು! ಅದನ್ನು ನಂಬಿದರೆ ದೋಣಿ ದಡದಲ್ಲೇ ಮುಳುಗಬೇಕು. ನಡುನಡುವೆ ನನಗೂ ಪ್ರಶ್ನೆಗಳು, ನನ್ನನ್ನು ಕರೆಯುವುದೆಲ್ಲ ಬರೀ 'ಯು', 'ಯು'. ಜಂಬದ ಕೋಳಿ ಅಂದುಕೊಂಡಿದ್ದೆ.

"ಮ್ಯಾನೇಜರ್ ಹಾನ್ ಮೇಡಂ ಹೇಳಿದಾರೆ," ಎಂದೆ. "ಸಂಜೆಯೊಳಗೆ ನೀನು ಒಪ್ಪದಿದ್ರೆ ಈ ಕೆಲಸ ಬೇರೆಯವರಿಗೆ. ನಿನ್ನನ್ನ ಹನೋಯ್‌ಗೆ ಹಾಕ್ತಾರಂತೆ."

ಇವನು ಹೋದರೆ ಮಧ್ಯಾಹ್ನ ನನ್ನ ಮಿ ಕ್ವಾಂಗ್ ನೂಡಲ್ಸ್ ಬಟ್ಟಲಿನಿಂದ ಕಡಲೆಬೀಜ ಕದಿಯುವವರು ಯಾರು? ಹೋಗಬಾರದು ಇವನು. ಇವನಿಲ್ಲದ ಆಫೀಸು ನನಗೆ ಬೇಡ.

"ಹೋಗ್ತೀನಿ ಬಿಡಿ," ಎಂದ, ಮುಖ ಸಪ್ಪೆ ಮಾಡಿಕೊಂಡು.

"ಒಂದು ಭಾಷೆಗೋಸ್ಕರ? ಮನೇಲಿ ಅಮ್ಮನ ಹತ್ರಾನೂ ಇಂಗ್ಲಿಷೇನಾ?"

"ಅಮ್ಮನ ಹತ್ರ ಕಷ್ಟ ಇಲ್ಲ."

"ನನ್ನ ಹತ್ರ ಏನಪ್ಪಾ ಕಷ್ಟ?"

ಅವನ ಕಿವಿ ಕೆಂಪಾಯಿತು. ಕಣ್ಣು ಕೀಬೋರ್ಡಿಗೆ ಇಳಿಯಿತು, ನನ್ನ ಬೆರಳ ಮೇಲೆ ಒಂದು ಗಳಿಗೆ ನಿಂತು ಮತ್ತೆ ಕೀಬೋರ್ಡಿಗೆ ಓಡಿತು.

"ನೀವು ನನಗಿಂತ ಎರಡು ವರ್ಷ ದೊಡ್ಡೋರು. ಮಾತಲ್ಲಾದ್ರೆ ಹೇಗೋ ತಪ್ಪಿಸ್ಕೋತೀನಿ. ನಮ್ಮ ಭಾಷೇಲಿ ಬರೆದ್ರೆ ನಿಮ್ಗೆ ಕೇಳೋ ಪ್ರತಿ ಸಾಲಲ್ಲೂ ನಿಮ್ಮನ್ನ 'ಅಕ್ಕ' ಅನ್ಬೇಕು. ಇಂಗ್ಲಿಷಲ್ಲಿ ಆ ಕಾಟ ಇಲ್ಲ." ಉಸಿರೆಳೆದುಕೊಂಡ. "ಮನೇಲಿ ಮೂರು ಜನ ಅಕ್ಕಂದಿರಿದಾರೆ, ಸಾಕು. ನೀವು ನಂಗೆ ಅಕ್ಕ ಆಗೋದು ಬೇಡ."

ಹಿಂದಿನ ಮೇಜಿನಲ್ಲಿ ಟೈಪಿಂಗ್ ಸದ್ದು ಗಕ್ಕನೆ ನಿಂತಿತು. ಕದ್ದು ಕೇಳುವುದರಲ್ಲಿ ನಮ್ಮ ಆಫೀಸು ಎತ್ತಿದ ಕೈ. ಕೇಳಲಿ ಬಿಡು ಅನ್ನಿಸಿತು.

"ಮತ್ತೇನಾಗ್ಬೇಕು?"

"ಅದನ್ನ ಯಾವ ಭಾಷೇಲಿ ಹೇಳ್ಲಿ?"

"ಟಾಮ್ ಕಿ ಹುಡುಗರಿಗೂ ಅರ್ಥ ಆಗೋ ಭಾಷೇಲಿ."

"ನೀವಂದ್ರೆ ನಂಗಿಷ್ಟ. ತುಂಬಾ ಇಷ್ಟ," ಎಂದ ಅಪ್ಪಟ ವಿಯೆಟ್ನಾಮೀಸಿನಲ್ಲಿ, 'ಅಕ್ಕ' ಅನ್ನದೆ. ಒಂದೂ ತಪ್ಪಿರಲಿಲ್ಲ.

ಖುಷಿ ಮುಚ್ಚಿಡಲು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ. ಅವನ ಮೊದಲ ಇಂಗ್ಲಿಷ್ ಸಾಲನ್ನು ಅಳಿಸಿ ನಮ್ಮ ಭಾಷೆಯಲ್ಲಿ ಬರೆದೆ: 'ಗಾಳಿ ಜೋರಾದರೆ ಈ ಭಾಗ ಎಲ್ಲ ದೋಣಿಗಳಿಗೂ ಸುದ್ದಿ ಕಳಿಸುತ್ತದೆ.' ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ಅವನ ಮುಂದೆ ತಳ್ಳಿದೆ.

"ರೀ, ಉಳಿದಿದ್ದನ್ನ ಸಂಜೆಯೊಳಗೆ ಮುಗಿಸಿಬಿಡಿ."

ತನಗಿಂತ ಚಿಕ್ಕವನನ್ನು ನಮ್ಮೂರ ಹೆಣ್ಣು ಹಾಗೆ ಕರೆಯುವುದು ಅವನು ತನ್ನವನಾದಾಗ ಮಾತ್ರ. ಅದು ಹಿಂದಿನ ಮೇಜಿಗೂ ಗೊತ್ತು. ಯಾರೋ ಕೆಮ್ಮಿದರು, ಯಾರೋ ಚಪ್ಪಾಳೆ ಹೊಡೆದರು.

ಲಾಮ್ ಟೈಪ್ ಮಾಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಕರಿ, ಉಯೆನ್," ಎಂದ, ಮೊದಲ ಸಲ ನನ್ನ ಹೆಸರು ಹಿಡಿದು.

ಕರೆದೆ.