ಗುಡಾಣಿ ಒಪ್ಪಿದ ಜೀನು

ಬಹಳ ಬಹಳ ಹಿಂದೆ, ತುರಗಾವತಿ ಎಂಬ ರಾಜ್ಯದಲ್ಲಿ ಕುದುರೆಗಳಿಗೆ ಮಾತು ಬರುತ್ತಿತ್ತು. ಆದರೆ ಅವು ದೂರು ಹೇಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದವು. ಹುಲ್ಲು ಒಣಗಿದೆ, ನೀರು ಬೆಚ್ಚಗಿದೆ, ಲಾಳ ಸಡಿಲವಾಗಿದೆ, ಪಕ್ಕದ ಕುದುರೆ ಗೊರಕೆ ಹೊಡೆಯುತ್ತದೆ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಲೇ ಇರುತ್ತಿದ್ದವು. ಎಲ್ಲ ಸರಿಯಾಗಿದ್ದ ದಿನ ಮಾತ್ರ ಸುಮ್ಮನಿರುತ್ತಿದ್ದವು. ಅಂಥ ದಿನ ವರ್ಷಕ್ಕೆ ಒಂದೋ ಎರಡೋ ಬರುತ್ತಿತ್ತು.

ಆ ರಾಜ್ಯದ ದೊರೆ ಭೀಮಕೇತು. ಬಹಳ ಒಳ್ಳೆಯ ದೊರೆ, ಬಹಳ ದಪ್ಪ ದೊರೆ. ಅವನ ಬಿಳಿ ಕುದುರೆ ಧವಳ ರಾಜಬೀದಿಯ ನಟ್ಟನಡುವೆ ನಿಂತು, "ಅಯ್ಯೋ, ನನ್ನ ಬೆನ್ನು! ನಿನ್ನೆ ಎಷ್ಟು ಹೋಳಿಗೆ ತಿಂದಿರಿ, ಮಹಾಪ್ರಭು?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ದೊರೆ ನಾಚಿ ಕೆಂಪಾಗುತ್ತಿದ್ದ. ಜನ ಬಾಯಿಗೆ ಸೆರಗು, ಪಂಚೆ ಏನು ಸಿಕ್ಕಿದರೆ ಅದನ್ನು ಒತ್ತಿಕೊಂಡು ನಗು ತಡೆಯುತ್ತಿದ್ದರು.

ವರ್ಷಕ್ಕೊಮ್ಮೆ ಅಲ್ಲಿ ಕುದುರೆ ಮೇಳ ನಡೆಯುತ್ತಿತ್ತು. ಸವಾರರು ರಾಜ ರಾಣಿಯರ ಎದುರು ಅಖಾಡದಲ್ಲಿ ಕುದುರೆ ನಡೆಸಿ, ಓಡಿಸಿ, ತಿರುಗಿಸಿ ತೋರಿಸಬೇಕು. ಹಿಂದೊಮ್ಮೆ ಪಡುವಣ ಕಡಲಾಚೆಯ ಸವಾರನೊಬ್ಬ ಹೊಸ ಬಗೆಯ ಜೀನು ತಂದಿದ್ದ. ಅಗಲವಾದ ಆಸನ, ಕಾಲಿಡಲು ಅಗಲವಾದ ರಿಕಾಪು, ಮುಂದೆ ಮುಷ್ಟಿ ಗಾತ್ರದ ಒಂದು ಕೊಂಬು. ರಾಣಿ ಚಂದ್ರಾಂಬೆಗೆ ಅದು ಬಹಳ ಹಿಡಿಸಿತು. "ಬೀಳುವ ಹೊತ್ತಿಗೆ ಹಿಡಿದುಕೊಳ್ಳಲು ಏನಾದರೂ ಇದೆಯಲ್ಲ!" ಎಂದಳು. ಅಂದಿನಿಂದ ಪಡುವಣ ಜೀನಿಲ್ಲದವರಿಗೆ ಅಖಾಡದೊಳಗೆ ಪ್ರವೇಶವಿಲ್ಲ ಎಂದಾಯಿತು.

ಈ ವರ್ಷ ದೊರೆ ಇನ್ನೊಂದು ಮಾತು ಸೇರಿಸಿ ಡಂಗುರ ಹೊಡೆಸಿದ. "ಗೆದ್ದವರಿಗೆ ಅರಮನೆಯ ಲಾಯದ ಯಜಮಾನಿಕೆ! ಆದರೆ ಅಖಾಡದಲ್ಲಿ ದೂರು ಹೇಳಿದ ಕುದುರೆಗೆ ಬಹುಮಾನವಿಲ್ಲ!"

ಊರಾಚೆ ಲಾಳ ಕಟ್ಟುವ ಬೊಪ್ಪಯ್ಯನ ಮಗಳು ಚಾಗಲೆ ಇದನ್ನು ಕೇಳಿದಳು. ಅವಳು ಕುದುರೆಮರಿಗಳನ್ನು ಪಳಗಿಸುವವಳು. ಪಳಗಿದ ಮೇಲೆ ಮಾಲೀಕರು ಬಂದು ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಮರಿಯನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ಅದು ಗುಡಾಣದಷ್ಟು ದುಂಡಗಿತ್ತು. ಅದಕ್ಕೆ ಗುಡಾಣಿ ಎಂದೇ ಹೆಸರಾಯಿತು. ನಾಲ್ಕು ವರ್ಷ ಅದನ್ನು ಸಾಕಿದವಳು ಚಾಗಲೆಯೇ.

"ಮಗಳೇ, ಇದು ತಿನ್ನುವ ಹುರುಳಿಯಲ್ಲಿ ನಾಲ್ಕು ಕುದುರೆ ಸಾಕಬಹುದು," ಎಂದ ಬೊಪ್ಪಯ್ಯ. "ಮೇಳದಲ್ಲಿ ಗೆದ್ದರೆ ಸರಿ. ಇಲ್ಲದಿದ್ದರೆ ಎಣ್ಣೆಗಾಣದವರಿಗೆ ಕೊಟ್ಟುಬಿಡೋಣ."

"ಗಾಣ ಸುತ್ತಿದರೆ ನನಗೆ ತಲೆ ಸುತ್ತುತ್ತದೆ," ಎಂದಿತು ಗುಡಾಣಿ.

ಚಾಗಲೆ ಅದರ ಕತ್ತು ತಬ್ಬಿಕೊಂಡಳು. ಅವಳ ಹತ್ತಿರ ಕೂಡಿಟ್ಟ ಏಳು ವರಹ ಇತ್ತು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಗುಡಾಣಿಯನ್ನು ಹಿಡಿದುಕೊಂಡು ಜೀನು ಹುಡುಕಲು ಹೊರಟಳು.

ಮೊದಲು ಹೋದದ್ದು ಅರಮನೆಯ ಎದುರಿನ ದೊಡ್ಡ ಅಂಗಡಿಗೆ. ಅಲ್ಲಿನ ಜೀನಿನ ತುಂಬ ಬೆಳ್ಳಿಯ ಹೂವು, ಬೆಳ್ಳಿಯ ಬಳ್ಳಿ, ಬೆಳ್ಳಿಯ ಗಿಣಿ. ಚಾಗಲೆ ಬೆರಳು ತಾಗಿಸಿದ್ದೇ ತಡ, ಆ ಗಿಣಿಗಳು ರೆಕ್ಕೆ ಬಡಿದು, "ನಲವತ್ತು ವರಹ! ನಲವತ್ತು ವರಹ!" ಎಂದು ಕಿರುಚಿದವು.

"ಸುಮ್ಮನೆ ಒಮ್ಮೆ ಹಾಕಿ ನೋಡಲೇ, ಅಯ್ಯ?" ಎಂದು ಕೇಳಿದಳು ಚಾಗಲೆ.

"ನೋಡುವುದಕ್ಕೆ ದುಡ್ಡಿಲ್ಲ. ಗೀರು ಬಿದ್ದರೆ ಇದೆ," ಎಂದ ಅಂಗಡಿಯವನು.

ನಾಲ್ಕು ಆಳು ಸೇರಿ ಜೀನನ್ನು ಎತ್ತಿ ಗುಡಾಣಿಯ ಬೆನ್ನ ಮೇಲಿಟ್ಟರು. ಗುಡಾಣಿ ನಾಲ್ಕೂ ಕಾಲು ಅಗಲಿಸಿ ನಿಂತಿತು. "ಇದು ಜೀನೋ, ಅಂಗಡಿಯೋ? ಹೆಗಲು ಹಿಡಿಯುತ್ತದೆ, ಸೊಂಟ ಕೊರೆಯುತ್ತದೆ, ಗಿಣಿಗಳು ಕಿವಿಯಲ್ಲೇ ಕೂಗುತ್ತವೆ. ತೆಗೆಯಿರಿ!"

ಚಾಗಲೆ ಕೈಮುಗಿದು ಹೊರಗೆ ಬಂದಳು. ನಲವತ್ತು ವರಹವಿದ್ದರೂ ಅದನ್ನು ಕೊಳ್ಳುತ್ತಿರಲಿಲ್ಲ ಎಂದುಕೊಂಡಾಗ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಎರಡನೆಯದು ಮಿರುಗಯ್ಯನ ಡೇರೆ. ಮಿರುಗಯ್ಯ ಒಬ್ಬ ಮಾಂತ್ರಿಕ. ಅವನ ಗಡ್ಡವೂ ಮಿರುಗುತ್ತಿತ್ತು, ಹಲ್ಲೂ ಮಿರುಗುತ್ತಿತ್ತು, ಜೀನುಗಳೂ ಮಿರುಗುತ್ತಿದ್ದವು. ಬೆಲೆ ಒಂದೇ ಒಂದು ದುಡ್ಡು.

"ಬಾರಮ್ಮ ಬಾ!" ಎಂದ ಮಿರುಗಯ್ಯ. "ಇದನ್ನು ಹಾಕಿದ ಕುದುರೆ ತುಟಿ ಪಿಟಕ್ಕೆನ್ನುವುದಿಲ್ಲ. ಮಂತ್ರಿ ಕೊಂಡರು, ಸೇನಾಪತಿ ಕೊಂಡರು, ಇನ್ನೂರು ಸವಾರರು ಕೊಂಡರು. ಮೇಳದ ದಿನ ದೊರೆಗೂ ಒಂದು ಕಾಣಿಕೆ ಕೊಡುತ್ತೇನೆ."

ಇಷ್ಟು ಅಗ್ಗಕ್ಕೆ ಏಕೆ ಕೊಡುತ್ತಾನೆ ಎಂದು ಚಾಗಲೆಗೆ ಅನುಮಾನವೇ ಆಯಿತು. ಆದರೂ ಆಸೆ ಬಿಡಲಿಲ್ಲ. ಜೀನು ಹಾಕಿ, ಹೊಟ್ಟೆಪಟ್ಟಿ ಎಳೆದಳು. ಪಟ್ಟಿ ಎಟುಕಲಿಲ್ಲ. "ಉಸಿರು ಬಿಗಿಹಿಡಿ, ನನ್ನವ್ವ," ಎಂದಳು. ಗುಡಾಣಿ ಉಸಿರು ಬಿಗಿಹಿಡಿಯಿತು. ಚಾಗಲೆ ಕಾಲು ಕೊಟ್ಟು ಎಳೆದಳು. ಹೇಗೋ ಕೊಂಡಿ ಬಿತ್ತು.

ಗುಡಾಣಿ ಮೌನವಾಯಿತು.

ಚಾಗಲೆಗೆ ಸಂತೋಷವಾಯಿತು. ಆಮೇಲೆ ಒಂದು ನೊಣ ಬಂದು ಗುಡಾಣಿಯ ಮೂಗಿನ ಮೇಲೆ ಕೂತಿತು. ಗುಡಾಣಿ ಏನೂ ಹೇಳಲಿಲ್ಲ. ಚಾಗಲೆ ಜೋಳಿಗೆಯಿಂದ ಹುರುಳಿ ತೆಗೆದು, ತೋರಿಸಿ, ಮತ್ತೆ ಒಳಗಿಟ್ಟಳು. ಆಗಲೂ ಏನೂ ಹೇಳಲಿಲ್ಲ! ಅದರ ತುಟಿ ಮಾತ್ರ ಆಡುತ್ತಿತ್ತು, ಕಿವಿ ಹಿಂದಕ್ಕೆ ಅಂಟಿಕೊಂಡಿತ್ತು, ಕಣ್ಣಿನಲ್ಲಿ ನೀರು ತುಂಬಿತ್ತು. ಚಾಗಲೆ ಬಾಗಿ ಜೀನಿನ ಕೊಂಬಿಗೆ ಕಿವಿಯಿಟ್ಟಳು. ದೂರದ ಬಾವಿಯೊಳಗಿಂದ ಬಂದಂತೆ ಗುಡಾಣಿಯ ದನಿ, "ಇಲ್ಲಿ ಕತ್ತಲೆ, ಇಲ್ಲಿ ಇಕ್ಕಟ್ಟು!" ಎನ್ನುತ್ತಿತ್ತು.

ಅಷ್ಟರಲ್ಲಿ ಗುಡಾಣಿಗೆ ಉಸಿರು ತಡೆಯಲಾಗಲಿಲ್ಲ. ಹೊಟ್ಟೆ ಉಬ್ಬಿತು. ಪಟ್ಟಿ ಪಟ್ಟನೆ ಹರಿಯಿತು. ಜೀನು ಹಾರಿ ಮಿರುಗಯ್ಯನ ತಲೆಯ ಮೇಲೆ ಬಿತ್ತು. ಚಾಗಲೆ, ಗುಡಾಣಿ ಇಬ್ಬರೂ ಅಲ್ಲಿಂದ ಓಟ ಕಿತ್ತರು.

ಒಳಗಿದ್ದ ಕುದುರೆಗಳ ದನಿಗಳಿಂದ ಕೇಳಿದ್ದನ್ನೆಲ್ಲ ದಾರಿಯಲ್ಲಿ ಗುಡಾಣಿ ಹೇಳಿತು. "ಕುದುರೆಗಳ ದನಿಯನ್ನೆಲ್ಲ ಅವನು ತನ್ನ ಸ್ವಂತ ಜೀನಿನ ದೊಡ್ಡ ಕೊಂಬಿನೊಳಗೆ ತುಂಬಿಟ್ಟುಕೊಂಡಿದ್ದಾನೆ. ದನಿ ಯಾರ ಹತ್ತಿರ ಇದೆಯೋ ಅವನು ಹೇಳಿದ ಹಾಗೆ ಕುದುರೆ ನಡೆಯಬೇಕಂತೆ. ಧವಳನ ದನಿ ಸಿಕ್ಕ ಕೂಡಲೇ ದೊರೆಯ ಸಮೇತ ಎಲ್ಲರನ್ನೂ ತನ್ನ ಗುಹೆಗೆ ಹೊಡೆದುಕೊಂಡು ಹೋಗುತ್ತಾನಂತೆ. ಒಳಗೆ ಸೇನಾಪತಿಯ ಕುದುರೆ ನನ್ನ ಕಾಲು ಬೇರೆ ತುಳಿಯಿತು."

ಚಾಗಲೆ ನೇರವಾಗಿ ಅರಮನೆಗೆ ಹೋಗಿ ದೊರೆಯ ಮುಂದೆ ನಿಂತು ಹೇಳಿದಳು. ದೊರೆ ನಿಟ್ಟುಸಿರು ಬಿಟ್ಟ.

"ತಂಗಿ, ನೀನು ಹೇಳುವುದು ನಿಜವೇ ಇರಬಹುದು. ಆದರೆ ಒಂದು ದಿನ, ಒಂದೇ ಒಂದು ದಿನ, ನನ್ನ ಹೊಟ್ಟೆಯ ವಿಷಯ ಬೀದಿಯಲ್ಲಿ ಕೇಳದೆ ಇರಬೇಕೆಂಬ ಆಸೆ ನನಗೆ."

"ಮಹಾಪ್ರಭು, ಅದು ಮೋಸದ ಜೀನು!"

"ಒಂದು ದುಡ್ಡಿಗೆ ಕೊಡುವವನು ಎಷ್ಟು ಮೋಸ ಮಾಡಿಯಾನು?" ಎಂದ ಮಂತ್ರಿ. ಕಾವಲುಗಾರರು ಅವಳನ್ನು ಹೊರಗೆ ಬಿಟ್ಟುಬಂದರು.

ಮೇಳಕ್ಕೆ ಉಳಿದದ್ದು ಎರಡೇ ದಿನ. ಪಡುವಣ ಜೀನಿಲ್ಲದೆ ಅಖಾಡದ ಹತ್ತಿರವೂ ಹೋಗುವಂತಿಲ್ಲ. ಹೋಗದೆ ದೊರೆಯನ್ನು ಉಳಿಸುವಂತಿಲ್ಲ. ಪಡುವಣ ಗುಡ್ಡದ ಮೇಲೆ ತೊಗಲವ್ವ ಎಂಬ ರಾಕ್ಷಸಿ ಇದ್ದಾಳೆ, ಅವಳ ಗುಹೆಯಲ್ಲಿ ಹಳೆಯ ಜೀನುಗಳ ರಾಶಿಯಿದೆ ಎಂದು ಚಾಗಲೆ ಕೇಳಿದ್ದಳು. ಬೇರೆ ದಾರಿಯಿಲ್ಲದೆ ಗುಡ್ಡ ಹತ್ತಿದಳು.

ತೊಗಲವ್ವ ಗುಹೆಯ ಬಾಗಿಲಲ್ಲಿ ಕೂತು, ಎಲೆಯಡಿಕೆ ಜಗಿಯುವಂತೆ ಹಳೆಯ ಚರ್ಮದ ಪಟ್ಟಿ ಜಗಿಯುತ್ತಿದ್ದಳು. "ಏನೇ ಹುಡುಗಿ?" ಎಂದಳು.

"ಜೀನು ಬೇಕಿತ್ತು, ಅವ್ವ. ನನ್ನ ಕೈಗೆಟುಕುವಂಥದ್ದು."

ಅವ್ವ ಎಂದದ್ದಕ್ಕೆ ರಾಕ್ಷಸಿಗೆ ಖುಷಿಯಾಯಿತು. "ನನ್ನನ್ನು ಕಂಡು ಓಡಿದ ಸವಾರರು ಬಿಟ್ಟುಹೋದ ಜೀನುಗಳಿವು. ಒಳ್ಳೆಯದನ್ನು ಆರಿಸಿದರೆ ನಾಲ್ಕು ವರಹಕ್ಕೆ ಕೊಡುತ್ತೇನೆ. ಆ ವರಹಗಳನ್ನು ರವಿಕೆಗೆ ಗುಂಡಿ ಮಾಡಿಕೊಳ್ಳುತ್ತೇನೆ. ಕೆಟ್ಟದ್ದನ್ನು ಆರಿಸಿದರೆ ನಿನ್ನನ್ನೇ ತಿನ್ನುತ್ತೇನೆ. ನೋಡದೆ ಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ."

ಚಾಗಲೆ ಜೀನುಗಳ ರಾಶಿಯ ಮುಂದೆ ಕೂತಳು. ಕುದುರೆಯ ಬೆನ್ನು ಅವಳಿಗೆ ಗೊತ್ತಿತ್ತು.

ಮೊದಲು ಕೆಂಪು ಮಖಮಲ್ಲಿನ ಚೆಂದದ ಜೀನೊಂದನ್ನು ಎಳೆದಳು. ಅದನ್ನು ಮೊಣಕಾಲಿಗೆ ಒತ್ತಿ, ಎರಡು ಕಡೆಯಿಂದ ಅದುಮಿದಳು. ಒಳಗೆ ಕಿರ್ರ್ ಎಂದಿತು. "ಒಳಗಿನ ಮರ ಸೀಳಿದೆ. ಬೇಡ," ಎಂದಳು. ರಾಕ್ಷಸಿ ಜಗಿಯುವುದನ್ನು ನಿಲ್ಲಿಸಿದಳು.

ಎರಡನೆಯದರ ಮರ ಗಟ್ಟಿಯಾಗಿತ್ತು. ಗುಡಾಣಿಯ ಮೇಲಿಟ್ಟಳು. ಹೆಗಲ ಉಬ್ಬಿಗೂ ಜೀನಿಗೂ ನಡುವೆ ಒಂದು ಬೆರಳು ಕೂಡ ತೂರಲಿಲ್ಲ. "ಚಿವುಟುತ್ತದೆ!" ಎಂದಿತು ಗುಡಾಣಿ. "ಬೇಡ," ಎಂದಳು ಚಾಗಲೆ. ರಾಕ್ಷಸಿ ತುಸು ಹತ್ತಿರ ಬಂದು ಕೂತಳು.

ಮೂರನೆಯದು ರಾಶಿಯ ಅಡಿಯಲ್ಲಿತ್ತು. ಬಣ್ಣ ಮಾಸಿದ ಕಂದು ಜೀನು. ಅಂಚನ್ನು ಇಲಿ ತಿಂದಿತ್ತು, ಹೊಟ್ಟೆಪಟ್ಟಿ ಕೊಳೆತಿತ್ತು. ಚಾಗಲೆ ಅದುಮಿದಳು, ಸದ್ದಿಲ್ಲ. ಗುಡಾಣಿಯ ಮೇಲಿಟ್ಟಳು, ಹೆಗಲ ಮೇಲೆ ಮೂರು ಬೆರಳು ಸಲೀಸಾಗಿ ತೂರಿದವು. ತಾನು ಹತ್ತಿ ಕೂತಳು. ಹೊಟ್ಟೆಗೂ ಕೊಂಬಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು, ಕಾಲು ರಿಕಾಪಿನಲ್ಲಿ ಸರಿಯಾಗಿ ಕೂತಿತು.

ಗುಡಾಣಿ ಸುಮ್ಮನಿತ್ತು. ಚಾಗಲೆಗೆ ಭಯವಾಯಿತು. "ಗುಡಾಣಿ! ಏಕೆ ಮಾತಿಲ್ಲ?"

"ಹೇಳುವುದಕ್ಕೆ ಏನೂ ಇಲ್ಲ," ಎಂದಿತು ಗುಡಾಣಿ. "ಅದೇ ನನಗೆ ಬೇಜಾರು."

"ಇದೇ ಬೇಕು, ಅವ್ವ!" ಎಂದಳು ಚಾಗಲೆ.

ರಾಕ್ಷಸಿ ಗುಹೆ ನಡುಗುವಂತೆ ನಕ್ಕಳು. "ನೂರು ವರ್ಷದಲ್ಲಿ ಒಬ್ಬಳಾದರೂ ಸರಿಯಾಗಿ ಆರಿಸಿದಳು! ನಾಲ್ಕು ವರಹ ಇಡು. ನಿನ್ನ ಜೋಳಿಗೆಯಲ್ಲಿರುವ ಕುದುರೆ ಉಜ್ಜುವ ಬ್ರಷ್ಷಿನಿಂದ ನನ್ನ ಬೆನ್ನನ್ನೂ ಸ್ವಲ್ಪ ಉಜ್ಜಿಕೊಡು."

ರಾಕ್ಷಸಿಯ ಬೆನ್ನು ಬಹಳ ದೊಡ್ಡದು. ಅದನ್ನು ಉಜ್ಜಿ ಮುಗಿಸಲು ಅರ್ಧ ದಿನ ಹಿಡಿಯಿತು. ಚರ್ಮಕ್ಕೆ ಎಣ್ಣೆ ತಿಕ್ಕಿ, ಹೊಸ ಹೊಟ್ಟೆಪಟ್ಟಿ ಉದ್ದವಾಗಿ ಹೊಲಿದುಕೊಂಡು ಗುಡ್ಡ ಇಳಿಯುವಷ್ಟರಲ್ಲಿ ಮೇಳದ ದಿನವೇ ಬಂದಿತ್ತು. ಕೋಟೆಯಿಂದ ಕಹಳೆ ಕೇಳಿಸುತ್ತಿತ್ತು. ಚಾಗಲೆ ಗುಡಾಣಿಯನ್ನು ಓಡಿಸಿದಳು. ಗುಡಾಣಿ ತನಗೆ ಸಾಧ್ಯವಾದಷ್ಟು ಓಡಿತು, ಎಂದರೆ ಬೇಗ ನಡೆಯಿತು.

ಕೋಟೆಯ ಪಡುವಣ ಬಾಗಿಲು ಬಹಳ ಕಿರಿದು. ಶತ್ರುಗಳು ಒಟ್ಟಿಗೆ ನುಗ್ಗದಿರಲೆಂದು ಒಂದು ಸಲಕ್ಕೆ ಒಂದೇ ಕುದುರೆ ಹೋಗುವಂತೆ ಕಟ್ಟಿದ್ದರು. ಚಾಗಲೆ ಆ ಬಾಗಿಲಿಗೆ ಬಂದಾಗ ಒಳಗಿನಿಂದ ಮೆರವಣಿಗೆಯೊಂದು ಎದುರಾಯಿತು. ಮುಂದೆ ಕರಿಯ ಕುದುರೆಯ ಮೇಲೆ ಮಿರುಗಯ್ಯ. ಅವನ ಹಿಂದೆ ಧವಳನ ಮೇಲೆ ದೊರೆ, ಅವನ ಹಿಂದೆ ಮಂತ್ರಿ, ಸೇನಾಪತಿ, ಇನ್ನೂರು ಸವಾರರು. ಕುದುರೆಗಳು ತುಟಿ ಬಿಚ್ಚದೆ ನಡೆಯುತ್ತಿದ್ದವು. ಸವಾರರು ಲಗಾಮು ಎಳೆದು ಎಳೆದು ಸೋತಿದ್ದರು.

"ತಂಗಿ, ನೀನು ಹೇಳಿದ್ದು ನಿಜವಾಯಿತು! ಕಾಪಾಡು!" ಎಂದು ದೊರೆ ಕೂಗಿದ.

"ದಾರಿ ಬಿಡು!" ಎಂದು ಮಿರುಗಯ್ಯ ಗುಡುಗಿದ.

"ಬಿಡಬೇಕೆಂದರೂ ಆಗುವುದಿಲ್ಲ. ಸಿಕ್ಕಿಹಾಕಿಕೊಂಡಿದ್ದೇನೆ," ಎಂದಿತು ಗುಡಾಣಿ. ನಿಜವಾಗಿಯೂ ಅದರ ಹೊಟ್ಟೆ ಬಾಗಿಲಿನ ಎರಡು ಕಲ್ಲುಗಳ ನಡುವೆ ಬಿರಡೆಯಂತೆ ಕೂತಿತ್ತು.

ಮಿರುಗಯ್ಯ ಕೈಯೆತ್ತಿ ಮಂತ್ರ ಹಾಕಲು ಬಾಯಿ ತೆರೆದ. ಚಾಗಲೆ ಮರಿ ಹಿಡಿಯುವ ಹಗ್ಗವನ್ನು ಬೀಸಿ ಎಸೆದಳು. ಕುಣಿಕೆ ಹೋಗಿ ಅವನ ಜೀನಿನ ಕುಂಬಳಕಾಯಿಯಷ್ಟು ದಪ್ಪದ ಕೊಂಬಿಗೆ ಬಿತ್ತು. ಹಗ್ಗದ ಈ ತುದಿಯನ್ನು ತನ್ನ ಜೀನಿನ ಕೊಂಬಿಗೆ ಮೂರು ಸುತ್ತು ಸುತ್ತಿದಳು.

"ಹಿಂದಕ್ಕೆ, ಗುಡಾಣಿ! ಹಿಂದಕ್ಕೆ, ನನ್ನವ್ವ!"

ಗುಡಾಣಿ ಹಲ್ಲು ಕಚ್ಚಿ ಹಿಂದಕ್ಕೆ ಜಗ್ಗಿತು. ಬಾಗಿಲ ಕಲ್ಲು ಕರಕರ ಎಂದಿತು. ಹಗ್ಗ ತಂತಿಯಂತೆ ಬಿಗಿಯಿತು. ಹಳೆಯ ಜೀನಿನ ಮರ ಅಲುಗಲಿಲ್ಲ, ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ಗುಡಾಣಿ ಬಾಗಿಲಿನಿಂದ ಹೊರಕ್ಕೆ ಚಿಮ್ಮಿತು, ಮಿರುಗಯ್ಯನ ಕೊಂಬು ಬುಡಸಮೇತ ಕಿತ್ತು ಬಂದು ನೆಲಕ್ಕೆ ಬಿದ್ದು ಒಡೆಯಿತು.

ಇನ್ನೂರು ಕುದುರೆಗಳ ದನಿ ಒಟ್ಟಿಗೆ ಹೊರಗೆ ಬಂತು. "ಬೆನ್ನು ಉರಿಯುತ್ತಿದೆ! ಪಟ್ಟಿ ಕುಯ್ಯುತ್ತಿದೆ! ಮೂರು ದಿನದಿಂದ ನೀರಿಲ್ಲ! ನನ್ನ ಕಾಲು ತುಳಿದವನು ಯಾರು?" ಕೋಟೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಕೊನೆಗೆ ಮಿರುಗಯ್ಯನ ಕರಿಯ ಕುದುರೆ ಗಂಟಲು ಸರಿಮಾಡಿಕೊಂಡು, "ಈ ಮನುಷ್ಯ ನನ್ನ ಕಂಬಳಿಯನ್ನು ಅರವತ್ತು ವರ್ಷದಿಂದ ಒಗೆದಿಲ್ಲ," ಎಂದು ಹೇಳಿ ಅವನನ್ನು ಎತ್ತಿ ಕೆಸರಿಗೆ ಒಗೆಯಿತು.

ಅವನ ಮಾಯೆಯೆಲ್ಲ ಆ ಕೊಂಬಿನಲ್ಲಿತ್ತು. ಕೆಸರಿನಿಂದ ಎದ್ದು ಬಂದವನು ಗಡ್ಡ ಮಿರುಗದ, ಹಲ್ಲು ಮಿರುಗದ ಒಬ್ಬ ಸಣಕಲು ಮುದುಕ. ಕುದುರೆಗಳ ಕಂಬಳಿ ಒಗೆಯುವ ಕೆಲಸವನ್ನು ದೊರೆ ಅವನಿಗೆ ಕೊಟ್ಟ.

ದೊರೆ ಧವಳನಿಂದ ಇಳಿದು, ತಲೆ ತಗ್ಗಿಸಿ ನಿಂತ. "ಹೇಳಪ್ಪ, ನನ್ನ ಭಾರದ ಬಗ್ಗೆ ಹೇಳು. ಕೇಳುತ್ತೇನೆ."

ಧವಳ ಕಿವಿ ಅಲುಗಿಸಿತು. "ಭಾರ ಇರಲಿ, ಮಹಾಪ್ರಭು. ನಿಮ್ಮ ಹಳೆಯ ಜೀನು ನನ್ನ ಹೆಗಲಿಗೆ ಕಿರಿದು. ಹತ್ತು ವರ್ಷದಿಂದ ಅದನ್ನು ಹೇಳಬೇಕೆಂದಿದ್ದೆ. ಹೋಳಿಗೆಯ ಮಾತು ಹೆಚ್ಚು ಮಜವಾಗಿತ್ತು."

ದೊರೆ ಮೊದಲು ಬೆರಗಾದ, ಆಮೇಲೆ ನಕ್ಕ, ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಮೇಳವನ್ನು ಎಂಟು ದಿನ ಮುಂದೂಡಿದರು. ಅಷ್ಟರೊಳಗೆ ಇನ್ನೂರು ಸವಾರರೂ ಚಾಗಲೆಯ ಹಿಂದೆ ಗುಡ್ಡ ಹತ್ತಿ, ಒಬ್ಬೊಬ್ಬರಾಗಿ ತೊಗಲವ್ವನ ಬೆನ್ನು ಉಜ್ಜಿ, ತಂತಮ್ಮ ಕುದುರೆಗೆ ಹೊಂದುವ ಜೀನು ಆರಿಸಿ ತಂದರು. ರಾಕ್ಷಸಿಯ ರವಿಕೆಗೆ ಮೇಲಿನಿಂದ ಕೆಳಗಿನವರೆಗೆ ಗುಂಡಿಯಾಯಿತು.

ಮೇಳದಲ್ಲಿ ಗುಡಾಣಿ ಒಂದೂ ದೂರು ಹೇಳಲಿಲ್ಲ, ಚಾಗಲೆ ಗೆದ್ದಳು, ಅರಮನೆಯ ಲಾಯಕ್ಕೆ ಯಜಮಾನಿಯಾದಳು. ಬೊಪ್ಪಯ್ಯ ಹುರುಳಿಯ ಚಿಂತೆ ಬಿಟ್ಟು ನಿದ್ದೆ ಮಾಡಿದ. ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂತು, ಹುಲ್ಲು ಮೊಣಕಾಲುದ್ದ ಬೆಳೆಯಿತು, ರಾಜ ರಾಣಿಯರೂ ಪ್ರಜೆಗಳೂ ಹೊಟ್ಟೆ ತುಂಬ ಉಂಡು ನೆಮ್ಮದಿಯಿಂದ ಬಾಳಿದರು. ತುರಗಾವತಿಯಲ್ಲಿ ಬಹುಕಾಲ ಯಾರ ಬೆನ್ನೂ ನೋಯಲಿಲ್ಲ.